ಬೈಲು ಗದ್ದೆಯಲ್ಲಿ ಉಗುರಿನಷ್ಟು ಕಪ್ಪೆ: ಮರಿಯೋ, ಬೇರೆ ಜಾತಿಯೋ? ಕಳೆನಾಶಕ ಹಾಕಬಹುದಾ?

ಬೈಲುಕರೆ
ಉಡುಪಿ ಜಿಲ್ಲೆ, ಬೈಲು ಗದ್ದೆ, ಏಣೇಲು (ಮಳೆಗಾಲದ ಮೊದಲ) ಬೆಳೆ, ಎಂಒ4 ಭತ್ತದ ತಳಿ. ಯಂತ್ರದಲ್ಲಿ ನಾಟಿ ಮಾಡಿಸಿ ಆಗಿದೆ. ಈಗ ತಲೆಬಿಸಿ ಭತ್ತದ್ದಲ್ಲ, ಕಪ್ಪೆಯದ್ದು.

ರಾತ್ರಿ ಗದ್ದೆ ಪೂರ್ತಿ ಒಂದು ಚಿಕ್ಕ ಕಪ್ಪೆ ಕೂಗುತ್ತಿದೆ. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮೈ ನುಣುಪು. ತಲೆ ಚೂಪು, ಹೊಟ್ಟೆಯ ಕಡೆ ಅಗಲ. ಬೆನ್ನ ಮೇಲೆ ಕಂದು ಚಿತ್ತಾರ ಇದೆ. ಅದು ಕಣ್ಣುಗಳ ನಡುವೆ ಶುರುವಾಗಿ ಹಿಂದಕ್ಕೆ ಹೋಗುತ್ತಾ ಅಗಲ ಆಗುತ್ತದೆ. ಟಾರ್ಚ್ ಬಿಟ್ಟರೆ ಕೂಗು ನಿಲ್ಲಿಸಿ ಹುಲ್ಲಿನ ಬುಡಕ್ಕೆ ನುಗ್ಗುತ್ತದೆ. ‘ಅದು ಗೋಂಕರು ಕಪ್ಪೆಯ ಮರಿ, ಮುಂದೆ ದೊಡ್ಡದಾಗುತ್ತದೆ’ ಅಂತಾರೆ ಅಪ್ಪ. ನನಗೆ ನಂಬಿಕೆ ಬರುತ್ತಿಲ್ಲ.

ಎರಡನೇ ವಿಷಯ. ಕಳೆನಾಶಕ ತಂದಿಟ್ಟಿದ್ದೇವೆ. ಮರಳಿನಲ್ಲಿ ಕಲಸಿ ಎರಚುವ ಜಾತಿಯದು. ನಾಳೆ ನಾಡಿದ್ದರಲ್ಲಿ ಹಾಕಲೇಬೇಕು, ಆಮೇಲೆ ಪ್ರಯೋಜನ ಇಲ್ಲ. ಹಾಕಿದರೆ ಇವು ಉಳಿಯುತ್ತವಾ? ಗೊತ್ತಿದ್ದವರು ಬೇಗ ಹೇಳಿ.

ಮಳೆಹುಳ
ಫೋಟೋ ಹಾಕಿ ಮಾರಾಯ್ರೆ. ಬಾಯಲ್ಲಿ ವರ್ಣನೆ ಮಾಡಿದರೆ ಹೇಗೆ ಹೇಳುವುದು?

ನೇಜಿಗದ್ದೆ
ಅಪ್ಪ ಹೇಳಿದ್ದೇ ಸರಿ ಇರಬೇಕು. ನಮ್ಮಲ್ಲೂ ಮಳೆ ಶುರುವಾದ ಮೇಲೆ ಸಣ್ಣ ಮರಿಗಳು ಬೇಕಾದಷ್ಟು ಕಾಣಿಸುತ್ತವೆ. ಆಮೇಲೆ ದೊಡ್ಡದಾಗುತ್ತವೆ.

ಉಭಯಚರಿ
ಮರಿ ಅಲ್ಲವೇ ಅಲ್ಲ. ಒಂದೇ ಕಾರಣ ಸಾಕು: ಮರಿ ಕೂಗುವುದಿಲ್ಲ. ಕೂಗುವುದು ಬೆಳೆದ ಗಂಡು, ಅದೂ ಹೆಣ್ಣನ್ನು ಕರೆಯಲು. ಉಗುರಿನಷ್ಟಿದ್ದು ಗಂಟಲು ಉಬ್ಬಿಸಿ ಕೂಗುತ್ತಿದೆ ಅಂದರೆ ಅದು ಪೂರ್ತಿ ಬೆಳೆದ ಕಪ್ಪೆ. ಅದರ ಅಳತೆಯೇ ಅಷ್ಟು. ಗೋಂಕರು ಕಪ್ಪೆ 16 ಸೆಂಟಿಮೀಟರ್ ತನಕ ಬೆಳೆಯುತ್ತದೆ. ಅದರ ಮರಿಗೆ ಬಾಯಿ ಅಗಲ, ಬೆನ್ನ ಮೇಲೆ ಉದ್ದುದ್ದ ಮಡಿಕೆ, ಹಿಂಗಾಲಿನ ಬೆರಳುಗಳ ನಡುವೆ ತುದಿ ತನಕ ಜಾಲಪಾದ. ನಿಮ್ಮದು ನುಣುಪು ಮೈ, ಚೂಪು ತಲೆ ಅಂತೀರಿ. ಎರಡು ವಿಷಯ ನೋಡಿ ಹೇಳಿ. ಕಣ್ಣಿನ ಹಿಂದೆ ಕಿವಿಯ ದುಂಡು ಪೊರೆ ಕಾಣಿಸುತ್ತಾ? ಹಿಂಗಾಲಿನ ಬೆರಳುಗಳ ನಡುವೆ ಪೊರೆ ಎಷ್ಟಿದೆ?

ಬೈಲುಕರೆ
ಈಗಷ್ಟೇ ಹೋಗಿ ಒಂದನ್ನು ಹಿಡಿದು ನೋಡಿದೆ. ಕಿವಿ ಕಾಣಿಸುವುದಿಲ್ಲ. ಬೆರಳುಗಳ ನಡುವೆ ಪೊರೆ ಬುಡದಲ್ಲಿ ಮಾತ್ರ, ಇದೆಯೋ ಇಲ್ಲವೋ ಅನ್ನುವಷ್ಟು. ಬಾಯಿ ತೀರಾ ಚಿಕ್ಕದು. ಗಂಟಲು ಕಪ್ಪಾಗಿದೆ. ಫೋನಿನಲ್ಲಿ ಫೋಟೋ ಸರಿಯಾಗಿ ಬರುತ್ತಿಲ್ಲ, ಮಳೆ ಜೋರಿದೆ.

ಉಭಯಚರಿ
ಹಾಗಾದರೆ ಮೈಕ್ರೊಹೈಲಾ. ಚಿಕ್ಕ ಬಾಯಿಯ ಕಪ್ಪೆಗಳ ಗುಂಪು. ಗದ್ದೆಯಲ್ಲಿ, ಬೆನ್ನ ಮೇಲೆ ಆ ಥರದ ಚಿತ್ತಾರ ಇದ್ದರೆ ಹೆಚ್ಚಾಗಿ ಮೈಕ್ರೊಹೈಲಾ ಆರ್ನೇಟಾ. ಎರಡು, ಎರಡೂವರೆ ಸೆಂಟಿಮೀಟರ್ ಇರುತ್ತದೆ. ಗಂಟಲು ಕಪ್ಪಾಗಿದ್ದರೆ ಗಂಡು. 1841ರಲ್ಲಿ ಡುಮೆರಿಲ್ ಮತ್ತು ಬಿಬ್ರೋನ್ ಎಂಬ ಫ್ರೆಂಚರು ಮಲಬಾರಿನ ಮಾದರಿ ಇಟ್ಟುಕೊಂಡು ಹೆಸರಿಟ್ಟರು. ಅಂದರೆ ಇದು ನಮ್ಮ ಕರಾವಳಿಯ ಹಳೇ ನಿವಾಸಿ.

ಪಾದೆಕಲ್ಲು
ಅಷ್ಟು ಬೇಗ ತೀರ್ಪು ಕೊಡಬೇಡಿ. ಉಡುಪಿ ಜಿಲ್ಲೆ ಅಂದಮೇಲೆ ಮೈಕ್ರೊಹೈಲಾ ಲ್ಯಾಟರೈಟ್ ಯಾಕಾಗಬಾರದು? 2016ರಲ್ಲಿ ಮಣಿಪಾಲದ ಸುತ್ತಮುತ್ತ ಸಿಕ್ಕಿದ ಹೊಸ ಜಾತಿ ಅದು. ಪೇಪರಿನಲ್ಲೆಲ್ಲ ಬಂದಿತ್ತು. ಅದೂ ಸಣ್ಣದೇ.

ಉಭಯಚರಿ
@ಪಾದೆಕಲ್ಲು ಒಳ್ಳೆ ಪ್ರಶ್ನೆ. ಆದರೆ ಅದು ಇನ್ನೂ ಸಣ್ಣದು, 1.6 ಸೆಂಟಿಮೀಟರ್ ಆಸುಪಾಸು. ಕೂಗು ಹೆಚ್ಚುಕಡಿಮೆ ಹುಲ್ಲಿನಲ್ಲಿ ಕೂಗುವ ಮಿಡತೆಯದ್ದೇ, ಕಪ್ಪೆ ಅಂತ ಅನ್ನಿಸುವುದೇ ಇಲ್ಲ. ಅದು ಮುರಕಲ್ಲು (ಲ್ಯಾಟರೈಟ್) ಪಾದೆಯ, ಅಂದರೆ ಹಾಸುಬಂಡೆಯ ಜಾತಿ. ಹೆಸರೇ ಅದಕ್ಕಾಗಿ ಇಟ್ಟದ್ದು. ಪಾದೆ ಅಂದರೆ ಬಂಜರು, ಕಲ್ಲು ತೆಗೆಯಲು, ಕಸ ಸುರಿಯಲು ಇರುವ ಜಾಗ ಅಂತ ಎಲ್ಲರ ಲೆಕ್ಕ. ಅಲ್ಲೂ ಜೀವ ಇದೆ ಅಂತ ತೋರಿಸಲು. ಪಾದೆಯ ಪಕ್ಕದ ಗದ್ದೆಯಲ್ಲೂ ಸಿಗಬಹುದು, ಇಲ್ಲ ಅನ್ನುವುದಿಲ್ಲ. ಕೂಗು ಕೇಳಿದರೆ ಗೊತ್ತಾಗುತ್ತದೆ. ಆರ್ನೇಟಾದ ಕೂಗು ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದ ಹಾಗೆ, ಬಿಟ್ಟು ಬಿಟ್ಟು ಬರುತ್ತದೆ.

ಬೈಲುಕರೆ
ಬಾಚಣಿಗೆ! ಅದೇ, ಅದೇ. ‘ಕ್ರ್ರ್ರ್’ ಅಂತ ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ಒಂದು ಶುರು ಮಾಡಿದರೆ ಪಕ್ಕದ ಗದ್ದೆಯವೂ ಸೇರಿಕೊಳ್ಳುತ್ತವೆ.

ಕೊಡಿಯಾಲ್‌ಬೈಲು
ಮಂಗಳೂರಿನಲ್ಲಿ ಇನ್ನೊಂದು ಇದೆ, ಮರೆಯಬೇಡಿ. ಮೈಕ್ರೊಹೈಲಾ ಕೊಡಿಯಾಲ್, 2018ರಲ್ಲಿ ಹೆಸರಿಟ್ಟದ್ದು. ಕೊಡಿಯಾಲ್ ಅಂದರೆ ಕೊಂಕಣಿಯಲ್ಲಿ ಮಂಗಳೂರು. ಅದರ ಕತೆ ಮಜಾ ಇದೆ. ಸಿಕ್ಕಿದ್ದು ಕಾಡಲ್ಲೂ ಅಲ್ಲ, ಗದ್ದೆಯಲ್ಲೂ ಅಲ್ಲ. ಹಿಂದೆ ಹೊರದೇಶದ ಮರದ ದಿಮ್ಮಿ ತಂದು ಹಾಕುತ್ತಿದ್ದ ಜಾಗದಲ್ಲಿ. ಡಿಎನ್ಎ ನೋಡಿದರೆ ಆಗ್ನೇಯ ಏಷ್ಯಾದ ಜಾತಿಗಳಿಗೆ ಹತ್ತಿರ. ದಿಮ್ಮಿಯ ಜೊತೆ ಹಡಗಿನಲ್ಲಿ ಬಂದಿರಬಹುದು ಅಂತ ಸಂಶೋಧಕರ ಊಹೆ.

ಸುಮ್ನೆಓದುಗ
ವೀಸಾ ಇಲ್ಲದೆ ಬಂದು ಮಂಗಳೂರಿನ ಹೆಸರು ಹಾಕಿಸಿಕೊಂಡಿತಾ? ಭಾರೀ ಹುಷಾರು.

ನೇಜಿಗದ್ದೆ
ಒಂದು ಊರಿನಲ್ಲಿ ಇಷ್ಟು ಜಾತಿಯಾ? ನನಗೆ ಎಲ್ಲ ಒಂದೇ ಥರ ಕಾಣಿಸುತ್ತದೆ.

ಉಭಯಚರಿ
ನಿಮಗೆ ಮಾತ್ರ ಅಲ್ಲ, ವಿಜ್ಞಾನಿಗಳಿಗೂ ಹಾಗೇ ಕಂಡಿತ್ತು. ಬಹಳ ಕಾಲ ಇಲ್ಲಿಂದ ಚೀನಾ, ಜಪಾನಿನ ದಕ್ಷಿಣ ದ್ವೀಪಗಳ ತನಕ ಇರುವುದೆಲ್ಲ ಆರ್ನೇಟಾ ಅಂತಲೇ ಬರೆದುಕೊಂಡಿದ್ದರು. 2005ರಲ್ಲಿ ಮತ್ಸುಯಿ ಮತ್ತು ಜೊತೆಗಾರರು ಪೂರ್ವದ್ದು ಬೇರೆ, ಚೀನಾ ಕಡೆಯದ್ದು ಫಿಸಿಪೆಸ್, ಜಪಾನಿನ ದ್ವೀಪಗಳದ್ದು ಒಕಿನಾವೆನ್ಸಿಸ್ ಅಂತ ತೋರಿಸಿದರು. 2015ರಲ್ಲಿ ಬಾಂಗ್ಲಾದೇಶದಿಂದ ನಿಲ್ಫಾಮಾರಿಯೆನ್ಸಿಸ್ ಬಂತು. ಗದ್ದೆ ಕಪ್ಪೆ ಸಾಮಾನ್ಯ ಕಪ್ಪೆ, ಅದರಲ್ಲೇನಿದೆ ಅಂತ ಯಾರೂ ಹತ್ತಿರದಿಂದ ನೋಡಿರಲಿಲ್ಲ. ಕಾಡಿಗೆ ಹೋದವರೇ ಜಾಸ್ತಿ.

ಹಳೇಮೇಷ್ಟ್ರು
ನಮ್ಮ ಗದ್ದೆಯಲ್ಲಿ ಜಾಸ್ತಿ ಇರುವುದು ಬೆನ್ನ ಮೇಲೆ ತರಿತರಿ ಮಡಿಕೆ ಇರುವ ಸಣ್ಣ ಕಪ್ಪೆ. ಕೆಲವಕ್ಕೆ ಬೆನ್ನ ನಡುವೆ ಮೂಗಿನಿಂದ ಕೆಳಗಿನ ತನಕ ತಿಳಿ ಗೆರೆ. ಅದೂ ಇದೇನಾ?

ಉಭಯಚರಿ
ಅಲ್ಲ ಮೇಷ್ಟ್ರೇ, ಅವು ಕ್ರಿಕೆಟ್ ಕಪ್ಪೆಗಳು. ಮೊದಲು ಫೆಜರ್ವಾರ್ಯ ಅನ್ನುತ್ತಿದ್ದರು, ಈಗ ಭಾರತದ್ದು ಹೆಚ್ಚಿನವು ಮಿನರ್ವಾರ್ಯ. ಅವುಗಳನ್ನು ಗುರುತಿಸುವುದು ಇದಕ್ಕಿಂತ ದೊಡ್ಡ ತಲೆನೋವು. 2007ರಲ್ಲಿ ಕುರಮೋಟೊ ಮತ್ತು ಜೊತೆಗಾರರು ನಮ್ಮ ಕಡೆಯಿಂದಲೇ ನಾಲ್ಕು ಹೊಸ ಜಾತಿ ವಿವರಿಸಿದರು. ಕುದುರೆಮುಖದ ಹೆಸರಿನದ್ದೂ ಒಂದಿದೆ. ಮಡಿಕೆ ಇದ್ದರೆ ಕ್ರಿಕೆಟ್ ಕಪ್ಪೆ, ನುಣುಪು ಇದ್ದರೆ ಮೈಕ್ರೊಹೈಲಾ. ಗದ್ದೆ ಮಟ್ಟಿಗೆ ಅಷ್ಟು ಸಾಕು.

ಎಡದಂಡೆ
ನಮ್ಮ ಸಿಂಧನೂರು ಕಡೆ ಬಂದು ನೋಡ್ರಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಎತ್ತ ನೋಡಿದರೂ ಸೋನಾ ಮಸೂರಿ. ಸಸಿ ಮಡಿಯಿಂದ ಶುರುವಾದರೆ ಕೊಯ್ಲಿನ ತನಕ ಒಂದಲ್ಲ ಒಂದು ಹೊಡೆಯುತ್ತಲೇ ಇರುತ್ತೇವೆ. ನಾನೂ ಹೊಡೆಯುತ್ತೇನೆ, ಸುಳ್ಳು ಯಾಕೆ ಹೇಳಲಿ. ಕಾಲುವೆಯ ಬದಿ ಕಪ್ಪೆ ಇದೆ, ಹೊಲದ ನಡುವೆ ಹುಡುಕಬೇಕು. ನಿಮ್ಮದು ಎಕರೆ ಅರ್ಧ ಎಕರೆ, ಕಪ್ಪೆ ನೋಡಿಕೊಂಡು ಕೂರಬಹುದು. ನಮಗೆ ಲೀಸಿನ ಹೊಲ. ಜಿಗಿಹುಳು ಬಿದ್ದರೆ ಪೂರ್ತಿ ಸುಟ್ಟು ಹೋಗುತ್ತದೆ. ಆಗ ಕಪ್ಪೆ ಬಂದು ಲೀಸಿನ ದುಡ್ಡು ಕಟ್ಟುತ್ತದೇನು?

ಕೆರೆಏರಿ
ಜಿಗಿಹುಳು ತಿನ್ನುವುದೇ ಕಪ್ಪೆ ಅಲ್ವಾ ಅಣ್ಣ? ಕಪ್ಪೆ ಸತ್ತರೆ ಹುಳ ಜಾಸ್ತಿ, ಹುಳ ಜಾಸ್ತಿಯಾದರೆ ಔಷಧ ಜಾಸ್ತಿ. ಇದು ಯಾರಿಗೆ ಗೊತ್ತಿಲ್ಲ?

ಉಭಯಚರಿ
@ಕೆರೆಏರಿ ಅರ್ಧ ಸರಿ. ಕ್ರಿಕೆಟ್ ಕಪ್ಪೆ, ಗೋಂಕರು ಕಪ್ಪೆ ಸಿಕ್ಕಿದ ಹುಳ ಎಲ್ಲ ತಿನ್ನುತ್ತವೆ. ಈ ಚಿಕ್ಕ ಬಾಯಿಯದು ಹಾಗಲ್ಲ. ಇದರ ಮುಖ್ಯ ಊಟ ಇರುವೆ, ಗೆದ್ದಲು, ಇನ್ನೂ ಸಣ್ಣ ಹುಳ. ‘ಇದು ನಿಮ್ಮ ಭತ್ತ ಉಳಿಸುತ್ತದೆ, ಅದಕ್ಕೆ ಇದನ್ನು ಉಳಿಸಿ’ ಅಂತ ರೈತರಿಗೆ ಹೇಳಿದರೆ ನಾಳೆ ಯಾರಾದರೂ ಅದರ ಹೊಟ್ಟೆಯಲ್ಲಿ ಬರೀ ಇರುವೆ ನೋಡಿ ನಗುತ್ತಾರೆ. ಸುಳ್ಳು ಲಾಭ ತೋರಿಸಿ ಉಳಿಸುವುದು ಬೇಡ.

ಕೆರೆಏರಿ
ಲಾಭ ಇಲ್ಲದೆ ಯಾರೂ ಉಳಿಸುವುದಿಲ್ಲ ಮೇಡಂ. ಇದು ಕಾಲೇಜಿನ ಪಾಠ ಅಲ್ಲ.

ಹಳೇಮೇಷ್ಟ್ರು
ಗೊದಮೊಟ್ಟೆ ಸೊಳ್ಳೆ ಮರಿ ತಿನ್ನುತ್ತದೆ. ಅದು ಲಾಭ ಅಲ್ವಾ? ಶಾಲೆಯಲ್ಲಿ ನಾವೇ ಹೇಳಿಕೊಡುತ್ತಿದ್ದೆವು.

ಉಭಯಚರಿ
ಮೇಷ್ಟ್ರೇ, ಯಾವ ಗೊದಮೊಟ್ಟೆ ಅನ್ನುವುದರ ಮೇಲೆ ಹೋಗುತ್ತದೆ. ಗೋಂಕರು ಕಪ್ಪೆಯದು ಮಾಂಸ ತಿನ್ನುವ ಜಾತಿ. ಸೊಳ್ಳೆ ಮರಿಯನ್ನೂ ತಿನ್ನುತ್ತದೆ, ಪಕ್ಕದ ಗೊದಮೊಟ್ಟೆಯನ್ನೂ ತಿನ್ನುತ್ತದೆ. ಮೈಕ್ರೊಹೈಲಾದ ಗೊದಮೊಟ್ಟೆಗೆ ಕಚ್ಚಲು ಹಲ್ಲೇ ಇಲ್ಲ. ನೀರನ್ನು ಒಳಗೆಳೆದು, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ಸೋಸಿಕೊಂಡು ಬದುಕುತ್ತದೆ.

@ಬೈಲುಕರೆ ನಾಳೆ ಬೆಳಿಗ್ಗೆ ಬಿಳಿ ತಟ್ಟೆಯಲ್ಲಿ ಗದ್ದೆಯ ನೀರು ಸ್ವಲ್ಪ ತೆಗೆದು ನೋಡಿ. ಕಪ್ಪಗೆ ತಳದಲ್ಲಿ ಓಡಾಡುವುದು ಬೇರೆ ಜಾತಿ. ಇದರದ್ದು ನೀರಿನ ನಡುಮಟ್ಟದಲ್ಲಿ ಅಲ್ಲಾಡದೆ ತೇಲುತ್ತಾ ಇರುತ್ತದೆ. ಮೈ ಪಾರದರ್ಶಕ, ಒಳಗೆ ಸುರುಳಿ ಸುತ್ತಿದ ಕರುಳು, ಮಿಡಿಯುವ ಹೃದಯ ಕಾಣಿಸುತ್ತದೆ. ಕಣ್ಣು ತಲೆಯ ಎರಡು ಬದಿಗೆ. ಬಾಲದ ತುದಿ ಮಾತ್ರ ನಡುಗುತ್ತಾ ಇರುತ್ತದೆ.

ಬೈಲುಕರೆ
ತಟ್ಟೆ ಪರೀಕ್ಷೆ ಆಯ್ತು. ಗೊದಮೊಟ್ಟೆ ಇನ್ನೂ ಇಲ್ಲ. ಆದರೆ ಹುಣಿಯ (ಗದ್ದೆಯ ಬದುವಿನ) ಬದಿ ನಿಂತ ನೀರಿನ ಮೇಲೆ ತೆಳ್ಳಗೆ ಹರಡಿದ ಮೊಟ್ಟೆ ಇದೆ, ಒಂದರ ಪಕ್ಕ ಒಂದು, ಒಂದೇ ಪದರ. ಪ್ರತಿಯೊಂದರಲ್ಲೂ ಸಣ್ಣ ಕಪ್ಪು ಚುಕ್ಕೆ. ಬೆರಳು ತಾಗಿಸಿದರೆ ಪದರ ಪೂರ್ತಿ ಸರಿಯುತ್ತದೆ. ಮೇಲಿನ ಎರಡು ಗದ್ದೆಯಲ್ಲಿ ಕಡಿಮೆ, ಕೆಳಗಿನ ಗದ್ದೆಯಲ್ಲಿ ಜಾಸ್ತಿ.

ಉಭಯಚರಿ
ಅದೇ. ಒಂದೆರಡು ದಿನದಲ್ಲಿ ಒಡೆಯುತ್ತದೆ. ಆಮೇಲೆ ಕಾಲು ಬಂದು ನೀರಿನಿಂದ ಹೊರಗೆ ಬರಲು ತಿಂಗಳು ಹೆಚ್ಚುಕಡಿಮೆ ಬೇಕು. ಅಷ್ಟು ದಿನ ನೀರು ನಿಂತಿರಬೇಕು, ನೀರಿನಲ್ಲಿ ವಿಷ ಇರಬಾರದು. ಇದರ ಕತೆ ಇಷ್ಟೇ.

ಮಜಲುಮನೆ
ಇಲ್ಲೇ ಎಡವಟ್ಟು ಆಗುವುದು. ನಾಟಿಯಾದ 3ರಿಂದ 5 ದಿನದ ಒಳಗೆ ಪ್ರೆಟಿಲಾಕ್ಲೋರ್, ಬ್ಯುಟಾಕ್ಲೋರ್ ಥರದ ಕಳೆನಾಶಕ ಹಾಕಬೇಕು ಅಂತ ಲೇಬಲ್ಲಿನಲ್ಲೇ ಬರೆದಿರುತ್ತದೆ. ಗದ್ದೆಯಲ್ಲಿ ತೆಳ್ಳಗೆ ನೀರು ನಿಲ್ಲಿಸಿ ಹಾಕಬೇಕು, ಹಾಕಿದ ಮೇಲೆ ನೀರು ಬಿಡಬಾರದು. ಕಪ್ಪೆ ಮೊಟ್ಟೆ ಇಡುವುದೂ ಅದೇ ಹೊತ್ತಿಗೆ, ಅದೇ ತೆಳು ನೀರಿಗೆ. ಎರಡೂ ಒಂದೇ ದಿನಕ್ಕೆ ಬಂದು ಕೂರುತ್ತವೆ. ಆಮೇಲೆ ಹೊಡೆಯುವ ಕೀಟನಾಶಕದ ವಿಷಯವನ್ನೇ ಎಲ್ಲರೂ ಮಾತಾಡುತ್ತಾರೆ. ಈ ಮೊದಲನೇ ವಾರದ ವಿಷಯ ಯಾರೂ ಮಾತಾಡುವುದಿಲ್ಲ.

ಮಳೆಹುಳ
ಕಳೆನಾಶಕ ಕಳೆಗೆ ತಾನೇ? ಕಪ್ಪೆಗೆ ಏನಾಗುತ್ತದೆ?

ಸುಮ್ನೆಓದುಗ
ಗಂಡು ಕಪ್ಪೆ ಹೆಣ್ಣಾಗುತ್ತದಂತೆ, ಓದಿದ ನೆನಪು.

ಉಭಯಚರಿ
@ಸುಮ್ನೆಓದುಗ ಅದು ಅಟ್ರಾಜಿನ್. ಅಮೆರಿಕದ ಟೈರೋನ್ ಹೇಯ್ಸ್ 2002ರಲ್ಲಿ, ಮತ್ತೆ 2010ರಲ್ಲಿ ಪ್ರಕಟಿಸಿದ್ದು. ಪ್ರಯೋಗಾಲಯದ ಆಫ್ರಿಕನ್ ಕಪ್ಪೆಯ ಮೇಲೆ ಮಾಡಿದ್ದು, ಅದರ ಬಗ್ಗೆ ದೊಡ್ಡ ಜಗಳವೂ ನಡೆದಿದೆ. ಅಟ್ರಾಜಿನ್ ಹಾಕುವುದು ಜೋಳ, ಮೆಕ್ಕೆಜೋಳ, ಕಬ್ಬಿಗೆ. ಭತ್ತದ ಗದ್ದೆಗೆ ಅದನ್ನು ಎಳೆದು ತರಬೇಡಿ.

ಹುಣಿಗೆ ಹೊಡೆಯುವ ಗ್ಲೈಫೋಸೇಟ್ ವಿಷಯ ಬೇರೆ. ರಿಕ್ ರೆಲಿಯಾ ಅನ್ನುವವರು 2005ರಲ್ಲಿ ತೊಟ್ಟಿಗಳಲ್ಲಿ ಪ್ರಯೋಗ ಮಾಡಿ, ಅದನ್ನು ಹಾಕಿದಾಗ ಗೊದಮೊಟ್ಟೆಗಳು ಭಾರೀ ಸಂಖ್ಯೆಯಲ್ಲಿ ಸತ್ತದ್ದನ್ನು ತೋರಿಸಿದರು. ಕೊಲ್ಲುವುದು ಬರೀ ಗ್ಲೈಫೋಸೇಟ್ ಅಲ್ಲ. ಎಲೆಗೆ ಅಂಟಿಕೊಳ್ಳಲಿ ಅಂತ ಅದರ ಜೊತೆ ಸೋಪಿನ ಥರದ ಒಂದು ದ್ರಾವಣ ಸೇರಿಸುತ್ತಾರೆ. ಅದು ಕಿವಿರಿಗೆ ಕೆಟ್ಟದ್ದು. ಗೊದಮೊಟ್ಟೆ ಉಸಿರಾಡುವುದು ಕಿವಿರಿನಲ್ಲಿ.

ಎಡದಂಡೆ
ಹುಣಿಗೆ ಹೊಡೆಯದೆ ಏನು ಮಾಡುವುದು ಮೇಡಂ? ಆಳು ಎಲ್ಲಿದ್ದಾರೆ? ಬೆಳಿಗ್ಗೆ ಬಂದು ಹತ್ತು ಗಂಟೆಗೆ ಟೀ, ಹನ್ನೊಂದಕ್ಕೆ ತಿಂಡಿ.

ಮಜಲುಮನೆ
ಹುಲ್ಲು ಕತ್ತರಿಸುವ ಯಂತ್ರ ಇದೆಯಲ್ಲ ಅಣ್ಣ. ಪೆಟ್ರೋಲಿನದ್ದು. ಹುಣಿಯನ್ನು ಬೇರು ತನಕ ಸುಡುವ ಬದಲು ಮೇಲಿಂದ ಕತ್ತರಿಸಿ. ಮಣ್ಣೂ ಕುಸಿಯುವುದಿಲ್ಲ. ಔಷಧ ಹೊಡೆದ ಹುಣಿ ಒಂದು ಮಳೆಗೆ ಜರಿದು ಗದ್ದೆಗೆ ಬರುತ್ತದೆ. ಇದು ನಾನು ಕಣ್ಣಾರೆ ಕಂಡದ್ದು.

ಗೋವೆಗಡಿ
ಹುಣಿ, ಔಷಧ ಎಲ್ಲ ಸರಿ. ಕಪ್ಪೆ ತಿನ್ನುವವರ ಸುದ್ದಿ ಯಾಕೆ ಯಾರೂ ಎತ್ತುತ್ತಿಲ್ಲ? ಕಾರವಾರ ದಾಟಿ ಗೋವಾಕ್ಕೆ ಹೋದರೆ ಮಳೆಗಾಲದಲ್ಲಿ ‘ಜಂಪಿಂಗ್ ಚಿಕನ್’ ಅಂತ ಗುಟ್ಟಾಗಿ ಮಾರುತ್ತಾರೆ. ರಾತ್ರಿ ಟಾರ್ಚ್ ಹಾಕಿ, ಗೋಣಿಚೀಲ ಹಿಡಿದು ಗದ್ದೆಗೆ ಇಳಿಯುವುದು. ಕಾನೂನು ಇದೆ, ಕೇಸೂ ಆಗುತ್ತದೆ, ಆದರೂ ನಿಂತಿಲ್ಲ.

ಹಳೇಮೇಷ್ಟ್ರು
ಹಿಂದೆ ಕಾನೂನು ಪ್ರಕಾರವೇ ಹಡಗು ಹತ್ತುತ್ತಿತ್ತು. ಕಪ್ಪೆ ಕಾಲು ಯುರೋಪಿಗೆ, ಅಮೆರಿಕಕ್ಕೆ. 1987ರಲ್ಲಿ ಸರ್ಕಾರ ರಫ್ತು ನಿಲ್ಲಿಸಿತು. ಆಮೇಲೆ ಆ ವ್ಯಾಪಾರ ಇಂಡೋನೇಷ್ಯಾಕ್ಕೆ ಹೋಯಿತು. ನಮ್ಮಲ್ಲಿ ಪೆಟ್ರೋಮ್ಯಾಕ್ಸ್ ಹಿಡಿದುಕೊಂಡು ಬರುತ್ತಿದ್ದವರನ್ನು ನೋಡಿದ ನೆನಪಿದೆ.

ಉಭಯಚರಿ
ಅದು ಗೋಂಕರು ಕಪ್ಪೆಯ ಕತೆ. ಈ ಪುಟಾಣಿಯನ್ನು ತಿಂದು ಯಾರ ಹೊಟ್ಟೆ ತುಂಬುತ್ತದೆ? ಇದನ್ನು ತಿನ್ನುವುದು ನೀರುಹಾವು, ಕೊಕ್ಕರೆ, ಗದ್ದೆಮಿಂಚುಳ್ಳಿ. ಗೋಂಕರು ಕಪ್ಪೆಯೂ ತಿನ್ನುತ್ತದೆ. ಅಂಡಮಾನಿಗೆ ಗೋಂಕರು ಕಪ್ಪೆ ಹೋಗಿ ಸೇರಿಕೊಂಡಿದೆ, ಅಲ್ಲಿನ ಸಣ್ಣ ಕಪ್ಪೆಗಳಿಗೆ ಈಗ ಅದೇ ದೊಡ್ಡ ಕಾಟ.

ಸುಮ್ನೆಓದುಗ
ವಿಷಯ ಬಿಟ್ಟು ಒಂದು ಮಾತು. 2019ರ ಜೂನಿನಲ್ಲಿ ಮಳೆ ಬರಲಿ ಅಂತ ಉಡುಪಿಯಲ್ಲಿ ಕಪ್ಪೆ ಮದುವೆ ಮಾಡಿಸಿದ್ದು ನೆನಪಿದೆಯಾ? ಯಾವ ಜಾತಿ ಕಪ್ಪೆ ಅಂತ ಯಾರಾದರೂ ನೋಡಿದರಾ? ಅಂತರ್ಜಾತಿ ವಿವಾಹ ಆಗಿದ್ದರೆ?

ಕೊಡಿಯಾಲ್‌ಬೈಲು
ಅದೇ ವರ್ಷ ಭೋಪಾಲಿನಲ್ಲಿ ಇನ್ನೂ ಜೋರು. ಜುಲೈಯಲ್ಲಿ ಮದುವೆ ಮಾಡಿಸಿದರು, ಮಳೆ ನಿಲ್ಲಲೇ ಇಲ್ಲ. ಸೆಪ್ಟೆಂಬರಿನಲ್ಲಿ ವಿಚ್ಛೇದನ ಕೊಡಿಸಿದರು.

ಪಾದೆಕಲ್ಲು
ಜೀವನಾಂಶ ಯಾರು ಕೊಟ್ಟರು?

ನೇಜಿಗದ್ದೆ
ಸಾಕು ಮಾರಾಯ್ರೆ. ಅವರು ನಾಳೆ ಕಳೆನಾಶಕ ಹಾಕಬೇಕು ಅಂತ ಕೇಳಿದ್ದು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಬೈಲುಕರೆ
ಧನ್ಯವಾದ @ನೇಜಿಗದ್ದೆ. ನಾನು ಒಂದು ಯೋಚನೆ ಮಾಡಿದ್ದೇನೆ. ಕೆಳಗಿನ ಗದ್ದೆಯಲ್ಲಿ ಮೊಟ್ಟೆ ಜಾಸ್ತಿ ಇದೆಯಲ್ಲ, ಅದಕ್ಕೆ ಹಾಕುವುದಿಲ್ಲ. ಮೇಲಿನ ಎರಡಕ್ಕೆ ಮಾತ್ರ ಹಾಕುತ್ತೇನೆ. ಅಪ್ಪನಿಗೂ ಸಮಾಧಾನ, ಕಪ್ಪೆಗೂ ಜಾಗ ಸಿಗುತ್ತದೆ. ಹೇಗೆ?

ಮಜಲುಮನೆ
ಹಾಗೆ ಮಾಡಿದರೆ ಹಾಕಿದ ಹಾಗೇ. ಮೇಲಿನ ಗದ್ದೆಯ ನೀರು ಕಂಡಿಯಲ್ಲಿ ಎಲ್ಲಿಗೆ ಬೀಳುತ್ತದೆ? ಕೆಳಗಿನ ಗದ್ದೆಗೇ ತಾನೇ? ನೀವು ಮೇಲೆ ಹಾಕಿದ್ದು ಒಂದು ಮಳೆಗೆ ಕೆಳಗೆ ಬಂದು ನಿಲ್ಲುತ್ತದೆ. ಕಂಡಿ ಕಟ್ಟಿದರೂ ಆಷಾಢದ ಮಳೆಗೆ ನೀರು ಹುಣಿ ಹತ್ತಿ ಇಳಿಯುತ್ತದೆ. ಎರಚದೆ ಬಿಡುವುದಾದರೆ ಎಲ್ಲಕ್ಕಿಂತ ಮೇಲಿನದ್ದು ಬಿಡಿ. ಅದಕ್ಕೆ ನೀರು ಎಲ್ಲಿಂದ ಬರುತ್ತದೆ ಅದನ್ನೂ ನೋಡಿ. ಬೇರೆಯವರ ಗದ್ದೆಯಿಂದಲಾ, ಹಾಡಿಯ (ಕುರುಚಲು ಕಾಡಿನ) ಕಡೆಯಿಂದಲಾ?

ಬೈಲುಕರೆ
ಮೇಲಿನದ್ದಕ್ಕೆ ಹಾಡಿಯ ಒರತೆ ನೀರು. ಬೇರೆಯವರ ಗದ್ದೆ ಇಲ್ಲ. ಕೆಳಗಿನದ್ದಕ್ಕೆ ನಮ್ಮ ಎರಡು ಗದ್ದೆಯದ್ದಲ್ಲದೆ ಪಕ್ಕದವರದ್ದೂ ಬರುತ್ತದೆ. ಅವರು ನಿನ್ನೆಯೇ ಎರಚಿ ಆಗಿದೆ.

ಮಜಲುಮನೆ
ನೋಡಿದಿರಾ. ಕೆಳಗಿನ ಗದ್ದೆ ನಿಮ್ಮ ಕೈಯಲ್ಲೇ ಇಲ್ಲ. ಮೇಲಿನ ಗದ್ದೆ ನಿಮ್ಮ ಕೈಯಲ್ಲಿದೆ. ಕೆಳಗಿನ ಮೊಟ್ಟೆಯ ಪದರ ಒಂದಷ್ಟನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಅದೇ ನೀರಿನ ಸಮೇತ ಎತ್ತಿ ಮೇಲಿನದ್ದಕ್ಕೆ ಬಿಡಿ.

ಉಭಯಚರಿ
ಒಂದೇ ಬೈಲು, ಒಂದೇ ನೀರು, ನಾಲ್ಕು ಹೆಜ್ಜೆ ದೂರ ಅಂದಮೇಲೆ ಅಡ್ಡಿಯಿಲ್ಲ. ಬೇರೆ ಊರಿಗೆ, ಬೇರೆ ಕೆರೆಗೆ ಮಾತ್ರ ಒಯ್ಯಬೇಡಿ. ರೋಗವೂ ಜೊತೆಗೆ ಹೋಗುತ್ತದೆ. ಮನೆಯ ಬಾವಿಗೆ ಬಿಡುವವರೂ ಇದ್ದಾರೆ, ಅದೂ ಬೇಡ. ಪಾತ್ರೆ ಬಿಸಿಲಿನಲ್ಲಿ ಇಡಬೇಡಿ, ನಲ್ಲಿ ನೀರು ಸೇರಿಸಬೇಡಿ.

ಕೆರೆಏರಿ
ಮೇಲಿನ ಗದ್ದೆಯಲ್ಲಿ ಕಳೆ ಬಂದರೆ?

ಮಜಲುಮನೆ
ಯಂತ್ರ ನಾಟಿ ಅಂದಿದ್ದಾರೆ, ಸಾಲು ಸರಿಯಾಗಿರುತ್ತದೆ. ಕೋನೋ ವೀಡರ್ ಓಡಿಸಬಹುದು. ಸಾಲಿನ ನಡುವೆ ತಳ್ಳಿಕೊಂಡು ಹೋಗುವುದು. ಕಳೆ ಮಣ್ಣಿನೊಳಗೆ ಮಗುಚಿ ಗೊಬ್ಬರ ಆಗುತ್ತದೆ. ಸೊಂಟ ನೋಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಒಂದೇ ಗದ್ದೆಯಾದರೆ ಇಬ್ಬರು ಮುಗಿಸಬಹುದು. ನೀರು ಮಾತ್ರ ಮಟ್ಟವಾಗಿ ನಿಂತಿರಲಿ. ಗದ್ದೆ ಸರಿಯಾಗಿ ಸಮ ಮಾಡಿ ನೀರು ನಿಲ್ಲಿಸಿದರೆ ಅರ್ಧ ಕಳೆ ಹುಟ್ಟುವುದೇ ಇಲ್ಲ.

ಎಡದಂಡೆ
ನೀರು ನಿಲ್ಲಿಸಬೇಡಿ, ಬಿಟ್ಟು ಬಿಟ್ಟು ಒಣಗಿಸಿ ಅಂತ ನಮಗೆ ಹೇಳುತ್ತಾರೆ. ನೀರು ಉಳಿಯುತ್ತದೆ, ಮಿಥೇನ್ ಕಡಿಮೆಯಾಗುತ್ತದೆ ಅಂತ. ನೀವು ನಿಲ್ಲಿಸಿ ಅಂತೀರಿ. ಯಾರ ಮಾತು ಕೇಳುವುದು?

ಉಭಯಚರಿ
ಇದು ನಿಜವಾದ ಇಕ್ಕಟ್ಟು, ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಜಪಾನಿನಲ್ಲಿ ಇದೇ ಜಗಳ ಇದೆ. ಅಲ್ಲಿ ಬೆಳೆಯ ನಡುವೆ ಗದ್ದೆ ಒಣಗಿಸುತ್ತಾರೆ, ಕಾಲು ಬರದ ಗೊದಮೊಟ್ಟೆಗಳು ಅಲ್ಲೇ ಸಾಯುತ್ತವೆ. ಒಣಗಿಸುವುದನ್ನು ಸ್ವಲ್ಪ ತಡ ಮಾಡುವುದು, ಇಲ್ಲವೇ ಗದ್ದೆಯ ಮೂಲೆಯಲ್ಲಿ ಒಂದು ಹೊಂಡ ಇಟ್ಟು ಅದರಲ್ಲಿ ನೀರು ಉಳಿಸುವುದು ಅಂತ ಕೆಲವು ಕಡೆ ಮಾಡುತ್ತಾರೆ. ನಿಮ್ಮ ಕಡೆ ಕಾಲುವೆ ನೀರಿನ ಸರದಿ ಇರುವುದರಿಂದ ಮೂಲೆಯ ಹೊಂಡವೇ ವಾಸಿ ಅನ್ನಿಸುತ್ತದೆ.

ಪಾದೆಕಲ್ಲು
ಜಪಾನ್ ಅಂದ ಕೂಡಲೇ ನೆನಪಾಯ್ತು. ಅಲ್ಲಿ ಗದ್ದೆ ಬದಿಯ ಕಾಲುವೆಗೆಲ್ಲ ಕಾಂಕ್ರೀಟ್ ಹಾಕಿದ ಮೇಲೆ ಬೆರಳ ತುದಿಯಲ್ಲಿ ಅಂಟು ಇರುವ ಮರಗಪ್ಪೆ ಹತ್ತಿ ಹೊರಗೆ ಬರುತ್ತದೆ, ಅಂಟು ಇಲ್ಲದ ಕೊಳದ ಕಪ್ಪೆ ಬಿದ್ದರೆ ಅಲ್ಲೇ ಬಾಕಿ. ನಮ್ಮಲ್ಲೂ ತೋಡಿಗೆ ಎರಡು ಬದಿ ಕಾಂಕ್ರೀಟ್ ಗೋಡೆ ಎಬ್ಬಿಸುತ್ತಿದ್ದಾರೆ. ನಮ್ಮ ವಾರ್ಡಿನಲ್ಲಿ ಹೋದ ವರ್ಷ ಮಾಡಿದರು. ಕಪ್ಪೆ ಬಿಡಿ, ನಾಯಿ ಬಿದ್ದರೂ ಹತ್ತಲು ಆಗುವುದಿಲ್ಲ.

ಅಡಿಕೆಮಂಡಿ
ಇಷ್ಟೆಲ್ಲ ಚರ್ಚೆ ಮಾಡುತ್ತೀರಿ, ಇನ್ನು ಹತ್ತು ವರ್ಷಕ್ಕೆ ಬೈಲು ಎಲ್ಲಿ ಉಳಿಯುತ್ತದೆ? ನಮ್ಮ ಸುತ್ತ ಎಲ್ಲರೂ ಮಣ್ಣು ಹಾಕಿಸಿ, ಬಸಿಗಾಲುವೆ ತೋಡಿ ಅಡಿಕೆ ಇಟ್ಟರು. ಎರಡನೇ ಬೆಳೆ ಸುಗ್ಗಿ ಬಿಟ್ಟಾಯ್ತು, ಮೂರನೇ ಬೆಳೆ ಕೊಳಕೆ ಅಂದರೆ ಈಗಿನ ಮಕ್ಕಳಿಗೆ ಏನಂತಲೂ ಗೊತ್ತಿಲ್ಲ. ಔಷಧಕ್ಕೆ ಕಪ್ಪೆ ಒಂದು ವರ್ಷ ಸಾಯಬಹುದು, ಮುಂದಿನ ವರ್ಷ ಪಕ್ಕದಿಂದ ಬರುತ್ತದೆ. ಗದ್ದೆಯೇ ಹೋದರೆ ಎಲ್ಲಿಂದ ಬರುತ್ತದೆ?

ಕೊಡಿಯಾಲ್‌ಬೈಲು
ಕೇರಳದಲ್ಲಿ 2008ರಲ್ಲೇ ಗದ್ದೆ, ತೇವ ಭೂಮಿ ಉಳಿಸುವ ಕಾನೂನು ತಂದರು. 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2000 ರೂಪಾಯಿ ಕೊಡಲು ಶುರು ಮಾಡಿದರು.

ಅಡಿಕೆಮಂಡಿ
2000 ರೂಪಾಯಿಗೆ ಟಿಲ್ಲರಿನ ಡೀಸೆಲ್ ಬರುತ್ತದಾ?

ನೇಜಿಗದ್ದೆ
ಗದ್ದೆ ಇಟ್ಟುಕೊಂಡವರು ದುಡ್ಡಿಗಾಗಿ ಇಟ್ಟುಕೊಂಡಿಲ್ಲ ಅಣ್ಣ. ಮನೆ ಅಕ್ಕಿ, ದನಕ್ಕೆ ಹುಲ್ಲು, ಬಾವಿಗೆ ನೀರು. ಗದ್ದೆ ಮುಚ್ಚಿದ ಬೈಲಿನಲ್ಲಿ ಮಾರ್ಚಿಗೇ ಬಾವಿ ತಳ ಕಾಣಿಸುತ್ತಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಡದಂಡೆ
ಫೋರೇಟ್ ಅನ್ನುವ ಕೀಟನಾಶಕದ ಹರಳು 2020ರ ಡಿಸೆಂಬರ್ ಕೊನೆಗೆ ನಿಷೇಧ ಆಯ್ತು. ಹಾಕುತ್ತಿದ್ದಾಗ ಮಾರನೇ ದಿನ ಹೊಲದಲ್ಲಿ ಏಡಿ, ಕಪ್ಪೆ, ಎರೆಹುಳ ಎಲ್ಲ ಮೇಲೆ ತೇಲುತ್ತಿದ್ದವು. ಅದನ್ನು ತಿಂದ ಕೊಕ್ಕರೆಯೂ ಬೀಳುತ್ತಿತ್ತು. ಅದು ಹೋದ ಮೇಲೆ ಬದು ಮೇಲೆ ಮತ್ತೆ ಕಪ್ಪೆ ಕಾಣುತ್ತಿದೆ, ಅಷ್ಟು ಮಾತ್ರ ನಾನು ಹೇಳಬಲ್ಲೆ. ಮೂಲೆ ಹೊಂಡ ಈ ಸಲ ನೋಡುತ್ತೇನೆ. ಎಷ್ಟು ದೊಡ್ಡದು ಬೇಕು?

ಉಭಯಚರಿ
ದೊಡ್ಡದು ಬೇಡ. ನೀರು ಒಳಗೆ ಬರುವ ಮೂಲೆಯಲ್ಲಿ ಒಂದು ಮಂಚದಷ್ಟು ಜಾಗ, ಮೊಣಕಾಲು ಆಳ ಸಾಕು. ಒಂದು ಬದಿ ಇಳಿಜಾರು ಇರಲಿ, ಮರಿ ಹತ್ತಿ ಬರಲು. ಮೀನು ಬಿಡಬೇಡಿ. ಗಪ್ಪಿ, ಗಂಬೂಸಿಯಾ ಬಿಟ್ಟರೆ ಮೊಟ್ಟೆ, ಗೊದಮೊಟ್ಟೆ ಎಲ್ಲ ಖಾಲಿ.

ಬೈಲುಕರೆ
ಅಪ್ಪನ ಜೊತೆ ಮಾತಾಡಿದೆ. ‘ಮರಿ ಕೂಗುವುದಿಲ್ಲ’ ಅಂದದ್ದಕ್ಕೆ ಸುಮ್ಮನಾದರು. ಮೇಲಿನ ಗದ್ದೆಗೆ ಎರಚುವುದಿಲ್ಲ ಅಂದದ್ದಕ್ಕೆ ಸುಮ್ಮನಾಗಲಿಲ್ಲ. ಕಳೆ ಬಂದರೆ ವೀಡರ್ ನಾನೇ ತಳ್ಳಬೇಕು ಅಂತ ಒಪ್ಪಂದ ಆಗಿದೆ. ವೀಡರ್ ಬಾಡಿಗೆಗೆ ಎಲ್ಲಿ ಸಿಗುತ್ತದೆ? ನಮ್ಮ ಹೋಬಳಿಯಲ್ಲಿ ಕೇಳಿದರೆ ಟ್ರ್ಯಾಕ್ಟರ್, ನಾಟಿ ಯಂತ್ರ ಮಾತ್ರ ಇದೆ ಅಂದರು.

ಮಜಲುಮನೆ
ನನ್ನದಿದೆ. ಒಂದು ಹಿಡಿ ಮುರಿದಿದೆ, ವೆಲ್ಡಿಂಗ್ ಮಾಡಿಸಿಕೊಂಡು ತೆಗೆದುಕೊಂಡು ಹೋಗಿ. ನಾಟಿಯಾದ ಹತ್ತು ಹನ್ನೆರಡು ದಿನಕ್ಕೆ ಮೊದಲ ಸಲ ಓಡಿಸಬೇಕು, ತಡ ಮಾಡಿದರೆ ಕಳೆ ಬೇರು ಹಿಡಿಯುತ್ತದೆ.

ಮಳೆಹುಳ
ವೀಡರ್ ತಳ್ಳುವಾಗ ಗೊದಮೊಟ್ಟೆ ಅದರ ಹಲ್ಲಿಗೆ ಸಿಕ್ಕಿ ಸಾಯುವುದಿಲ್ಲವಾ? ಕಾಲಿನಡಿಗೂ ಸಿಗುತ್ತವೆ.

ಮಜಲುಮನೆ
ಕೆಲವು ಸಾಯುತ್ತವೆ. ಎಲ್ಲ ಸಾಯುವುದಿಲ್ಲ. ನೀರು ಅಲ್ಲಾಡಿದ ಕೂಡಲೇ ಹುಣಿಯ ಬದಿಗೆ ಓಡುತ್ತವೆ. ಬದಿಯ ಒಂದು ಸಾಲು ತಳ್ಳದೆ ಬಿಡಿ, ಅಲ್ಲಿನ ಕಳೆ ಕೈಯಲ್ಲಿ ತೆಗೆಯಿರಿ.

ಕೆರೆಏರಿ
@ಬೈಲುಕರೆ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಜೀವಿಗಳ ದಾಖಲೆ ಇಡುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿ. ಇಲ್ಲಿ ನಾವು ಎಷ್ಟು ಕಿತ್ತಾಡಿದರೂ ನಾಳೆ ಹುಡುಕುವವರಿಗೆ ಸಿಗುವುದಿಲ್ಲ.

ಉಭಯಚರಿ
ಹೌದು. ಟಾರ್ಚ್ ಆರಿಸಿ, ಅಲ್ಲಾಡದೆ ಸ್ವಲ್ಪ ಹೊತ್ತು ನಿಂತರೆ ಮತ್ತೆ ಕೂಗುತ್ತವೆ. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಡಿ, ಮಳೆ ಹನಿ ಬಿದ್ದು ಬರೀ ಪಟಪಟ ಕೇಳಿಸುತ್ತದೆ. ಛತ್ರಿಯೂ ಅಷ್ಟೇ. ಮಳೆ ನಿಂತ ಹೊತ್ತು ನೋಡಿಕೊಂಡು ಹೋಗಿ. ಬೆನ್ನಿನ ಒಂದು, ಬದಿಯಿಂದ ಒಂದು, ಕಾಲಿನ ಬೆರಳು ಕಾಣುವ ಒಂದು ಫೋಟೋ ಇದ್ದರೆ ಪಾದೆಕಲ್ಲು ಅವರ ಅನುಮಾನವೂ ಮುಗಿಯುತ್ತದೆ.

ಪಾದೆಕಲ್ಲು
ನನ್ನ ಅನುಮಾನ ಫೋಟೋ ಬರುವ ತನಕ ಹಾಗೇ ಇರುತ್ತದೆ. ಹಾಡಿಯ ಆಚೆ ಮುರಕಲ್ಲು ಪಾದೆ ಇದೆಯಾ, ಅದನ್ನು ಮೊದಲು ಹೇಳಲಿ.

ಬೈಲುಕರೆ
ಇದೆ. ಅರ್ಧ ಕಲ್ಲು ಕೋರೆ ಆಗಿದೆ, ಅರ್ಧ ಉಳಿದಿದೆ.

ಪಾದೆಕಲ್ಲು
ಹಾಗಾದರೆ ಅಲ್ಲಿಗೂ ಒಂದು ರಾತ್ರಿ ಹೋಗಿ ಕೂಗು ರೆಕಾರ್ಡ್ ಮಾಡಿ. ಕೋರೆ ಅಂಚಿಗೆ ಹೋಗಬೇಡಿ, ಜಾರುತ್ತದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ನಾನು ಬರಲು ತಯಾರು, ಶನಿವಾರ ಆದರೆ.